ಎಡಗಡೆಯ ಮುಂದಿನ ಹೆಗಲು

ಕಚೇರಿಯ ಬಿಳಿ ಹಲಗೆಯ ಮೇಲೆ ಎರಡು ಗಂಟೆಯ ಸಾಲಿನಲ್ಲಿ ಬರೆದಿದ್ದ ಹೆಸರನ್ನು ಲಕ್ಷ್ಮೀಶ ಮೂರು ಸಲ ಓದಿದ. ಭಾಗೀರಥಿ. ಮಾಲೀಕ ಬರ್ನಿ ಹಾರ್ಗನ್ ಅದನ್ನು ಇಂಗ್ಲಿಷಿನಲ್ಲಿ ಎಲ್ಲೆಲ್ಲೋ ಒಡೆದು ಬರೆದಿದ್ದರಿಂದ ಮೊದಲನೇ ಸಲ ಯಾರೋ ಗ್ರೀಕ್ ಮುದುಕಿ ಇರಬೇಕೆಂದುಕೊಂಡ. ಎರಡನೇ ಸಲಕ್ಕೆ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ನೋಡಿದ. ಮೂರನೇ ಸಲ ಓದುವ ಹೊತ್ತಿಗೆ ಸಂಶಯಕ್ಕೆ ಜಾಗವೇ ಉಳಿದಿರಲಿಲ್ಲ. ನಿನ್ನೆ ಸಂಜೆ ಕನ್ನಡ ಸಂಘದವರ ಫೋನು ಬಂದಾಗ ಅಹಲ್ಯಾ ರಿಸೀವರನ್ನು ಕೈಯಲ್ಲಿ ಹಿಡಿದುಕೊಂಡೇ ಅವನ ಕಡೆ ತಿರುಗಿ, ಡಾಕ್ಟರ್ ಚಂದ್ರಶೇಖರ್ ಅವರ ತಾಯಿ ಭಾಗೀರಥಮ್ಮ ಹೋಗಿಬಿಟ್ಟರಂತೆ, ನಾಳೆ ಮಧ್ಯಾಹ್ನ ಎರಡಕ್ಕಂತೆ ಎಂದಿದ್ದಳು. ಅವನು ಅಯ್ಯೋ ಪಾಪ ಎಂದನೇನೋ ಹೌದು, ಆದರೆ ಒಳಗೊಳಗೆ ಮಾಡಿದ್ದು ಬೇರೆಯೇ ಲೆಕ್ಕ. ಸಿಡ್ನಿಯಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವ ಕಂಪನಿಗಳು ಏನಿಲ್ಲವೆಂದರೂ ಐವತ್ತು ಅರವತ್ತು ಇದ್ದಾವು. ಡಾಕ್ಟರ ಮನೆ ಇರುವುದು ಚೆರ್ರಿಬ್ರೂಕಿನಲ್ಲಿ, ಬರ್ನಿಯ ಕಚೇರಿ ಇರುವುದು ರೈಲು ಮುಗಿಯುವುದಕ್ಕೆ ಸ್ವಲ್ಪ ಮುಂಚೆ, ವಿಂಡ್ಸರಿನಲ್ಲಿ. ಅರವತ್ತರಲ್ಲಿ ಒಂದು ಪಾಲು ಭಯ ಅಂಥಾ ದೊಡ್ಡ ಭಯವೇನಲ್ಲ. ಎಂಜಿನಿಯರ್ ಆದವನು ಗಣಿತವನ್ನು ನಂಬಿ ನೆಮ್ಮದಿಯಾಗಿ ನಿದ್ದೆ ಹೊಡೆದಿದ್ದ. ಈಗ ಆ ಒಂದು ಪಾಲು ಹಸಿರು ಮಾರ್ಕರಿನ ಅಕ್ಷರಗಳಲ್ಲಿ ಎದುರಿಗೇ ನಿಂತಿತ್ತು. ಹೆಸರಿನ ಪಕ್ಕದಲ್ಲಿ ಶವಪೆಟ್ಟಿಗೆ ಹೊರುವವರ ಪಟ್ಟಿ: ಬಲಗಡೆ ಮುಂದೆ ಕೆವ್, ಎಡಗಡೆ ಮುಂದೆ ಲಕ್ಕಿ. ಲಕ್ಕಿ ಎಂದರೆ ಅವನೇ. ಲಕ್ಷ್ಮೀಶ ಎನ್ನಲು ಬಾರದ ಬರ್ನಿ ಮೊದಲ ದಿನವೇ ಇಟ್ಟ ಹೆಸರು.

ಈ ಕೆಲಸಕ್ಕೆ ಅವನು ಬಂದದ್ದಾದರೂ ಕೆಲಸ ಸಿಗಬಾರದು ಎಂಬ ಮುನ್ನೆಚ್ಚರಿಕೆಯಿಂದಲೇ. ಹತ್ತು ವರ್ಷ ಸ್ವಿಚ್‌ಬೋರ್ಡುಗಳ ನಕ್ಷೆ ಬರೆದ ಕಂಪನಿ ತನ್ನ ಫ್ಯಾಕ್ಟರಿಯನ್ನು ಬೇರೆ ದೇಶಕ್ಕೆ ಕಟ್ಟಿಕೊಂಡು ಹೋದಾಗ ಅವನಿಗೆ ಐವತ್ತೊಂದು. ಮೊದಲಿಗೆ ತನ್ನಂಥವರ ಕಂಪನಿಗಳಿಗೇ ಅರ್ಜಿ ಹಾಕಿದ. ಮಗಳು ಅನಘಾ ಟೈಪ್ ಮಾಡಿಕೊಡುತ್ತ, ಯು ಹ್ಯಾವ್ ಟು ಸೆಲ್ ಯುವರ್‌ಸೆಲ್ಫ್ ಅಪ್ಪಾ ಎಂದು ಅವನ ಗುಣಗಳನ್ನು ಅವನಿಗೇ ನಾಚಿಕೆಯಾಗುವಷ್ಟು ಹೊಗಳಿ ಬರೆದಳು. ನಲವತ್ತು ಕಡೆಯಿಂದ ನಲವತ್ತು ವಿನಯದ ಕಾಗದಗಳು ಬಂದವು. ಪ್ರತಿಯೊಂದೂ ಒಂದೊಂದು ವಾರ ಅವನ ಊಟ ಕೆಡಿಸಿತು. ಆಮೇಲೆ ಸರ್ಕಾರದ ನಿರುದ್ಯೋಗ ಭತ್ಯೆಗೆ ಬರೆದುಕೊಂಡ. ಬರೆದುಕೊಂಡವರು ಕೆಲಸ ಹುಡುಕುತ್ತಿರುವುದಕ್ಕೆ ಸಾಕ್ಷಿ ಬೇಕು, ಎರಡು ವಾರಕ್ಕೊಮ್ಮೆ ಇಂತಿಷ್ಟು ಕಡೆ ಕೇಳಿದ್ದೇನೆ ಎಂದು ಡೈರಿಯಲ್ಲಿ ಬರೆದು, ಮಾಲೀಕರ ಸಹಿ ಹಾಕಿಸಿ ಕೆಲಸ ಕೊಡಿಸುವ ಏಜೆನ್ಸಿಯ ಕೆರಿಗೆ ತೋರಿಸಬೇಕು. ಕೆರಿ ಅನಘಾಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಒಳ್ಳೆಯ ಹುಡುಗಿ, ಅವನ ಬೆನ್ನು ತಟ್ಟಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಕಲಿಸಿದಳು. ಮೈಸೂರಿನಲ್ಲಿ ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಕಪಾಳಕ್ಕೆ ತಿಂದಿದ್ದವನು ಐವತ್ತೆರಡನೇ ವಯಸ್ಸಿನಲ್ಲಿ ಆ ವಿದ್ಯೆಯನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ಆದರೆ ಇನ್ನೊಬ್ಬ ಎಂಜಿನಿಯರ್ ಕೈಯಲ್ಲಿ ಇಲ್ಲ ಎನ್ನಿಸಿಕೊಳ್ಳುವುದು ಮಾತ್ರ ಅವನಿಂದ ಇನ್ನು ಆಗುತ್ತಿರಲಿಲ್ಲ. ಕನ್ನಡದವರು ಯಾರೂ ಇಲ್ಲದ ಸಬರ್ಬುಗಳಿಗೆ ರೈಲು ಹತ್ತಿ, ತನ್ನನ್ನು ಖಂಡಿತ ಬೇಡ ಎನ್ನುವಂಥ ಬಾಗಿಲುಗಳನ್ನೇ ಹುಡುಕಿ ತಟ್ಟತೊಡಗಿದ. ಹೆಂಗಸರ ತಲೆಗೂದಲು ಕತ್ತರಿಸುವ ಅಂಗಡಿ, ಬ್ಯಾಲೆ ಕಲಿಸುವ ಶಾಲೆ, ನಾಯಿಗಳಿಗೆ ಸ್ನಾನ ಮಾಡಿಸುವ ಮನೆ. ಅಲ್ಲಿನವರು ನಗುತ್ತ ಇಲ್ಲ ಎಂದು ಸಹಿ ಹಾಕಿಕೊಟ್ಟರೆ ಮರ್ಯಾದೆಗೇನೂ ಧಕ್ಕೆಯಿಲ್ಲ. ನಾಯಿ ತೊಳೆಯಲು ಬಾರದಿದ್ದರೆ ಯಾರ ಮನೆತನಕ್ಕೇನು ನಷ್ಟ? ತಿರಸ್ಕಾರವನ್ನು ತಾನೇ ಆರಿಸಿಕೊಳ್ಳುವುದರಲ್ಲಿ ಒಂದು ಸುಖವಿದೆಯೆಂದು ಆ ದಿನಗಳಲ್ಲಿ ಅವನಿಗೆ ಗೊತ್ತಾಯಿತು, ಸಂಜೆಯ ಊಟವೂ ಸೇರತೊಡಗಿತು.

ಹಾಗೆ ಒಂದು ದಿನ ವಿಂಡ್ಸರಿನಲ್ಲಿ ಬರ್ನಿಯ ಬಾಗಿಲು ತಟ್ಟಿದ್ದ. ಬರ್ನಿ ಡೈರಿಯ ಕಡೆ ನೋಡಲಿಲ್ಲ, ಅವನನ್ನೇ ನೆತ್ತಿಯಿಂದ ಬೂಟಿನ ತನಕ ನೋಡಿದ. ಈ ಸೂಟು ನಿನ್ನದೇ ಏನು ಎಂದು ಕೇಳಿದ. ಅಲುಗದೆ ಮುಕ್ಕಾಲು ಗಂಟೆ ನಿಲ್ಲಬಲ್ಲೆಯಾ, ಮಾತಾಡದೆ ಇರಬಲ್ಲೆಯಾ ಎಂದ. ಉಪನಯನ, ಶ್ರಾದ್ಧ, ಸಂಘದ ವಾರ್ಷಿಕ ಸಭೆ ಎಲ್ಲವನ್ನೂ ಕಂಡ ಲಕ್ಷ್ಮೀಶ ಎರಡಕ್ಕೂ ಹೌದೆಂದ. ಬರ್ನಿ ಒಳಗಿನಿಂದ ಕೆವ್‌ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ ಇಬ್ಬರ ಭುಜಗಳ ಮೇಲೆ ಒಂದು ಅಳತೆಪಟ್ಟಿ ಅಡ್ಡ ಇಟ್ಟ. ಸಮವಾಗಿ ಕೂತಿತು. ಪೆಟ್ಟಿಗೆ ಹೊರುವವರು ಜೋಡಿ ಜೋಡಿಯಾಗಿ ಒಂದೇ ಎತ್ತರ ಇರಬೇಕಂತೆ, ಕೆವ್‌ನ ಜೋಡಿ ಮಂಡಿನೋವಿನಿಂದ ಬಿಟ್ಟುಹೋದ ಮೇಲೆ ಎರಡು ತಿಂಗಳಿಂದ ಪೆಟ್ಟಿಗೆ ಎಡಕ್ಕೆ ವಾಲುತ್ತಿತ್ತಂತೆ. ಐದು ಅಡಿ ಏಳು ಇಂಚು. ಬಿ.ಇ. ಡಿಗ್ರಿ ಮಾಡಿಕೊಡದ ಕೆಲಸವನ್ನು ಅಪ್ಪ ಅಮ್ಮ ಕೊಟ್ಟ ಎತ್ತರ ಮಾಡಿಕೊಟ್ಟಿತು. ಸಿಕ್ಕ ಕೆಲಸವನ್ನು ಬೇಡ ಎಂದರೆ ಭತ್ಯೆಗೆ ಕತ್ತರಿ. ಬೇಡ ಎನ್ನಲು ಕಾರಣ ಬರೆಯುವ ಜಾಗದಲ್ಲಿ ಸೂತಕ, ಮೈಲಿಗೆ ಎಂದೆಲ್ಲ ಬರೆದರೆ ಕೆರಿ ಅದನ್ನು ಯಾವ ಕಾಲಮ್ಮಿಗೆ ಹಾಕಿಯಾಳು? ವಾರಕ್ಕೆ ಮೂರೋ ನಾಲ್ಕೋ ದಿನ ಎಂದು ಒಪ್ಪಿಕೊಂಡು ಬಂದ.

ಮನೆಯಲ್ಲಿ ಟ್ರಾನ್ಸ್‌ಪೋರ್ಟ್ ಕಂಪನಿ ಎಂದ. ಸುಳ್ಳೂ ಅಲ್ಲ ನೋಡಿ. ಏನು ಸಾಗಿಸುತ್ತಾರೆ ಎಂದು ಅಹಲ್ಯಾ ಕೇಳಲಿಲ್ಲ, ಸದ್ಯ ಎಂದುಕೊಂಡ. ಮೊದಲ ದಿನ ಕ್ವೇಕರ್ಸ್ ಹಿಲ್ ಸ್ಟೇಷನ್ನಿನಿಂದ ಮನೆಗೆ ನಡೆದುಬಂದವನಿಗೆ ಮುಂಬಾಗಿಲಿನ ಮೆಟ್ಟಿಲು ಹತ್ತಲು ಕಾಲೇ ಬರಲಿಲ್ಲ. ಮುಟ್ಟಿದ್ದು ಪಾಲಿಶ್ ಮಾಡಿದ ಮರವನ್ನು ಮಾತ್ರ, ಅದೂ ಬಿಳಿ ಕೈಗವಸಿನಲ್ಲಿ. ಆದರೂ ಸುತ್ತು ಹಾಕಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಸಣ್ಣ ಬಚ್ಚಲಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡ. ಚಳಿಗಾಲದ ಜೂನ್ ತಿಂಗಳು, ಆ ನಲ್ಲಿಯಲ್ಲಿ ಬರುವುದು ತಣ್ಣೀರೇ, ಹಲ್ಲು ಕಟಕಟ ಎಂದಿತು. ಡಿಪೋದಲ್ಲಿ ವಿಪರೀತ ಧೂಳು ಎಂದು ಹೇಳಿದ. ಮಾರನೆಯ ದಿನದಿಂದ ಅಲ್ಲಿ ಒಂದು ಬಕೆಟ್ ಬಿಸಿನೀರು, ಸ್ಟೂಲಿನ ಮೇಲೆ ಒಗೆದ ಪಂಚೆ, ಟವೆಲ್ಲು ಕಾಯುತ್ತಿದ್ದವು. ಗಂಡನಿಗೆ ಶೀತವಾದೀತೆಂದು ಹೆಂಡತಿಗೆ ಕಾಳಜಿ, ಅಷ್ಟೇ ಎಂದು ತಿಳಿದ. ಅವನ ಸ್ನಾನ ಆಗುವವರೆಗೆ ಅವಳು ಆ ಕಡೆ ಸುಳಿಯುತ್ತಿರಲಿಲ್ಲ, ಆದ ಮೇಲೆ ಕಾಫಿ ಬರುತ್ತಿತ್ತು. ಹದಿಮೂರು ವಾರ ಹೀಗೇ ನಡೆಯಿತು.

ಅಂದರೆ ಇವತ್ತಿಗೆ ಸರಿಯಾಗಿ ಹದಿಮೂರು. ಕೆಲಸಕ್ಕೆ ಸೇರಿದವನು ಅಷ್ಟು ವಾರ ನಿಂತರೆ ಏಜೆನ್ಸಿಗೆ ಸರ್ಕಾರದಿಂದ ದುಡ್ಡು ಬರುತ್ತದೆಯಂತೆ, ಆಮೇಲೆ ಅವನು ಕೆರಿಯ ಲೆಕ್ಕದಲ್ಲಿ ಒಂದು ಔಟ್‌ಕಮ್, ಕೈಗೂಡಿದ ಕೇಸು. ಕೆಲಸ ಹುಡುಕಿದ್ದು ಅವಳಲ್ಲ, ನಿಜ ಹೇಳಬೇಕೆಂದರೆ ಅವನೂ ಅಲ್ಲ, ಆದರೂ ಅವಳು ಸೋಮವಾರ ಫೋನ್ ಮಾಡಿ ಗುರುವಾರದ ತನಕ ಕೈಕೊಡಬೇಡ ಎಂದು ಮುದ್ದಾಗಿ ಬೇಡಿಕೊಂಡಿದ್ದಳು. ಹೊಟ್ಟೆನೋವು ಎಂದು ಬರ್ನಿಗೆ ಹೇಳಿ ಮನೆಗೆ ಹೋಗಿಬಿಡಬಹುದಿತ್ತು. ಹೋದರೆ ಕೆವ್‌ನ ಪಕ್ಕ ಯಾರನ್ನೋ ನಿಲ್ಲಿಸುತ್ತಾರೆ, ಭಾಗೀರಥಮ್ಮ ವಾಲುತ್ತಾರೆ. ಹೋಗದಿದ್ದರೆ ಇಡೀ ಸಂಘದ ಮುಂದೆ, ಅಹಲ್ಯಾಳ ಮುಂದೆ, ಡಾಕ್ಟರ ಮುಂದೆ ಎಡಗಡೆಯ ಹೆಗಲಾಗಿ ನಡೆಯಬೇಕು. ಡಾಕ್ಟರೆಂದರೆ ಅವನಿಗೆ ಮೊದಲಿನಿಂದಲೂ ಅಳುಕು. ಹೋದ ತಿಂಗಳು ಗಣೇಶನ ಹಬ್ಬದ ದಿನ ಬಾಡಿಗೆ ಹಾಲಿನಲ್ಲಿ ಮೈಕು ಹಿಡಿದು ಅವರು ಸರ್ಕಾರದ ಹೊಸ ನೀತಿಯನ್ನು ಬಾಯ್ತುಂಬ ಹೊಗಳಿದ್ದರು. ಕೂತು ತಿನ್ನುವವರ ಕೈಗೆ ಕೆಲಸ ಕೊಟ್ಟು ದುಡಿಸಬೇಕು, ನಾವು ಈ ದೇಶಕ್ಕೆ ಬಂದದ್ದು ಕೆಲಸವಿಲ್ಲದೆ ಸರ್ಕಾರದ ಡೋಲ್ ತಿನ್ನೋದಕ್ಕಲ್ಲ, ನಮ್ಮ ಕನ್ನಡದವರಲ್ಲಿ ಅಂಥವರು ಒಬ್ಬರೂ ಇಲ್ಲ ಅನ್ನೋದು ನನಗೆ ಹೆಮ್ಮೆ ಎಂದಿದ್ದರು. ಮೂರನೇ ಸಾಲಿನಲ್ಲಿ ಕೂತಿದ್ದ ಲಕ್ಷ್ಮೀಶ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ. ತಟ್ಟಿದ ಅಂಗೈಗಳ ಉರಿ ಈಗ ಬಿಳಿ ಹಲಗೆಯ ಮುಂದೆ ನಿಂತಾಗ ಮತ್ತೆ ಹತ್ತಿಕೊಂಡಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಒಳಕೋಣೆಯಿಂದ ಷರನ್ ಬಂದಳು. ಸತ್ತವರಿಗೆ ಬಟ್ಟೆ ತೊಡಿಸಿ ತಲೆ ಬಾಚುವವಳು ಅವಳು. ಕೈಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಕಂದು ಅಂಚಿನ ಹಳದಿ ಮೈಸೂರು ರೇಷ್ಮೆ. ಮಗ ಬೆಳಿಗ್ಗೆ ಕೊಟ್ಟುಹೋದನಂತೆ, ಏನೂ ಹೇಳಲಿಲ್ಲವಂತೆ. ಡಾಕ್ಟರ ಹೆಂಡತಿ ವಸಂತಾ ಮಗಳ ಹೆರಿಗೆಗೆಂದು ಮೆಲ್ಬರ್ನಿಗೆ ಹೋಗಿದ್ದವರು ಮಧ್ಯಾಹ್ನದ ವಿಮಾನಕ್ಕೆ ಬರುವುದು. ಸಂಘದ ಹೆಂಗಸರಲ್ಲಿ ಯಾರಿಗಾದರೂ ಒಂದು ಮಾತು ಹೇಳಿದ್ದರೆ ನಾಲ್ಕು ಜನ ಓಡಿ ಬರುತ್ತಿದ್ದರು. ಆದರೆ ಡಾಕ್ಟರಿಗೆ ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲ. ಕೇಳುವುದು ಎಷ್ಟು ಕಷ್ಟ ಎಂದು ಲಕ್ಷ್ಮೀಶನಿಗೆ ಗೊತ್ತಿತ್ತು, ಆ ಕ್ಷಣ ಡಾಕ್ಟರ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಇದು ನಿಮ್ಮ ಕಡೆಯದಲ್ಲವಾ ಲಕ್ಕಿ, ಎಲ್ಲಿಂದ ಶುರು ಮಾಡೋದು ಎಂದು ಷರನ್ ಆರು ಗಜವನ್ನು ಟೇಬಲ್ಲಿನ ಮೇಲೆ ಬಿಚ್ಚಿ ಹರಡಿದಳು. ಇಪ್ಪತ್ತೇಳು ವರ್ಷ ಸೀರೆ ಉಡುವವಳ ಜೊತೆ ಸಂಸಾರ ಮಾಡಿದವನಿಗೆ ಆ ಬಟ್ಟೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಹೊಳೆಯಲಿಲ್ಲ. ಬೇರೆ ದಾರಿ ಕಾಣದೆ ಬರ್ನಿಯ ಟೇಬಲ್ಲಿನಿಂದ ಮನೆಗೆ ಫೋನ್ ಮಾಡಿದ.

"ಅಹಲ್ಯಾ, ಸೀರೆಗೆ ನೆರಿಗೆ ಎಷ್ಟು ಹಿಡೀಬೇಕು?"

ಆ ಕಡೆ ಕುಕ್ಕರಿನ ಸದ್ದು ಕೇಳಿಸಿತು. ಅವಳು ಒಲೆ ಆರಿಸಿ ಬಂದಳು.

"ಸುತ್ತಿ ಉಡ್ಸಕ್ಕೆ ಹೋಗ್ಬೇಡಿ, ಆಗಲ್ಲ. ನೆರಿಗೆ ಮೊದ್ಲೇ ಹಿಡ್ದು ಪಿನ್ ಹಾಕ್ಬಿಡಿ, ಆರೋ ಏಳೋ ಸಾಕು. ಮೇಲಿಂದ ಇಟ್ಟು ಎರಡೂ ಪಕ್ಕ ಒಳಗೆ ಸಿಕ್ಸಿ. ಸೆರಗು ಎಡಗಡೆ ಭುಜದ ಮೇಲಿಂದ ತಂದು ಬಲಗಡೆಗೂ ಹೊದಿಸ್ಬಿಡಿ, ಚಳಿಗೆ ಹೊದ್ಕೊತಾರಲ್ಲ ಹಾಗೆ. ಮತ್ತೆ, ಕುಂಕುಮ ಇಡ್ಸಿ. ಯಜಮಾನ್ರು ಹೋದ್ಮೇಲೂ ಅವ್ರು ಒಂದು ದಿನಾನೂ ಬಿಟ್ಟಿರ್ಲಿಲ್ಲ."

ಅವನು ಕೈಗೆ ಸಿಕ್ಕ ಡೈರಿಯ ಕೊನೆಯ ಹಾಳೆಯಲ್ಲಿ, ಮಾಲೀಕರ ಸಹಿಗೆಂದು ಬಿಟ್ಟ ಗೆರೆಗಳ ಮೇಲೆ, ಎಲ್ಲವನ್ನೂ ಗೀಚಿಕೊಂಡ. ಅರ್ಧ ತೆರೆದ ಬಾಗಿಲಿನ ಹೊರಗೆ ಬೆನ್ನು ತಿರುಗಿಸಿ ನಿಂತು, ನಕ್ಷೆ ಓದುವ ಹಾಗೆ ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಷರನ್‌ಗೆ ಹೇಳಿದ. ಅವಳು ಎರಡು ಸಲ ಬಿಚ್ಚಿ ಮೂರನೇ ಸಲಕ್ಕೆ ನೆರಿಗೆ ಕೂರಿಸಿದಳು. ಚೀಲದಲ್ಲಿ ಕುಂಕುಮ ಇರಲಿಲ್ಲ. ಷರನ್ ತನ್ನ ಲಿಪ್‌ಸ್ಟಿಕ್ ತೆಗೆದು ಇದು ನಡೆಯುತ್ತದಾ ಎಂದು ಕೇಳಿದಳು. ಒಂದು ಕ್ಷಣ ಶಾಸ್ತ್ರವೆಲ್ಲ ಅವನ ಕಣ್ಣ ಮುಂದೆ ಬಂದು ನಿಂತಿತು, ನಡೆಯುತ್ತದೆ ಎಂದ. ಅವನು ತಿರುಗಿ ನೋಡಿದಾಗ ಭಾಗೀರಥಮ್ಮ ಮಧ್ಯಾಹ್ನದ ಊಟ ಮುಗಿಸಿ ಸ್ವಲ್ಪ ಅಡ್ಡಾದವರ ಹಾಗೆ ಮಲಗಿದ್ದರು. ಒಂದು ದೀಪಾವಳಿಗೆ ಅವರು ಅವನ ತಟ್ಟೆಗೆ ಎರಡು ಹೋಳಿಗೆ ಜಾಸ್ತಿ ಹಾಕಿ, ನಮ್ಮ ಚಂದ್ರು ಮಾತು ಜಾಸ್ತಿ, ಮನಸ್ಸಿಗೆ ಹಚ್ಕೋಬೇಡಪ್ಪ ಎಂದದ್ದು ನೆನಪಾಯಿತು.

ಕಾರಿನಲ್ಲಿ ಅವನು ಕೆವ್‌ನ ಪಕ್ಕದಲ್ಲಿ ಕೂತಿದ್ದ. ಹಿಂದೆ ಪೆಟ್ಟಿಗೆಯಲ್ಲಿ ಭಾಗೀರಥಮ್ಮ. ಕಂಪನಿಯ ಹೆಸರಿನ ಪುಟ್ಟ ಬಿಲ್ಲೆಯನ್ನು ಕೋಟಿನಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ. ಬಿಲ್ಲೆಯಿಲ್ಲದಿದ್ದರೆ ಕಪ್ಪು ಸೂಟಿನವನು ನಂಟನೂ ಇರಬಹುದಲ್ಲ. ರೌಸ್ ಹಿಲ್ಲಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಏನೂ ಯೋಚಿಸದೆ ಕೆಂಪು ದೀಪವನ್ನು ನೋಡುತ್ತಿದ್ದಾಗ, ಅವನಿಗೆ ಥಟ್ಟನೆ ಅಹಲ್ಯಾಳ ಮಾತು ಕೇಳಿಸಿತು. ಸುತ್ತಿ ಉಡ್ಸಕ್ಕೆ ಹೋಗ್ಬೇಡಿ, ಆಗಲ್ಲ. ಯಾರಿಗೆ ಎಂದು ಅವನು ಹೇಳಿರಲೇ ಇಲ್ಲ. ಮಲಗಿದ್ದಾರೆ ಎಂದೂ ಹೇಳಿರಲಿಲ್ಲ. ಕುಂಕುಮ ಇಡ್ಸಿ. ಅವಳು ಯಾಕೆ, ಎಲ್ಲಿಂದ ಎಂದು ಒಂದು ಪ್ರಶ್ನೆ ಕೇಳದೆ, ಒಗ್ಗರಣೆಗೆ ಎಷ್ಟು ಸಾಸಿವೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದ್ದಳು. ಹಾಗಾದರೆ ಬಕೆಟ್ಟು? ಪಂಚೆ? ಸ್ನಾನ ಆಗುವ ತನಕ ಎದುರಿಗೆ ಬಾರದೆ ಇದ್ದದ್ದು? ಹದಿಮೂರು ವಾರ ಅವನು ಉಸಿರು ಬಿಗಿಹಿಡಿದು ಕಾಪಾಡಿದ್ದ ಗುಟ್ಟು ಅವನ ಮನೆಯ ಹಿತ್ತಿಲಲ್ಲಿ ದಿನಾ ಹಬೆಯಾಡುತ್ತ ಕೂತಿತ್ತು. ಎಂಥ ಪೆದ್ದ ನಾನು ಎಂದು ಕನ್ನಡದಲ್ಲಿ ಗಟ್ಟಿಯಾಗಿಯೇ ಅಂದುಕೊಂಡ. ಪ್ರಾರ್ಥನೆ ಇರಬೇಕೆಂದು ಕೆವ್ ರೇಡಿಯೋ ಸಣ್ಣ ಮಾಡಿದ.

ಚಿತಾಗಾರದ ಹೊರಗೆ ಸಂಘದವರು ಗುಂಪುಗುಂಪಾಗಿ ನಿಂತಿದ್ದರು. ಕಾರಿನಿಂದ ಇಳಿದ ಲಕ್ಷ್ಮೀಶನನ್ನು ಕಂಡು ಡಾಕ್ಟರು ದಡದಡನೆ ಬಂದು ಎರಡೂ ಕೈ ಹಿಡಿದುಕೊಂಡರು. ಅಮ್ಮನ ಜೊತೆಗೇ ಬಂದಿರಾ, ಎಲ್ಲರಿಗಿಂತ ಮುಂಚೆ ಬಂದಿರಾ ಎನ್ನುತ್ತ ಅತ್ತುಬಿಟ್ಟರು. ಸಂಘದ ಕಾರ್ಯದರ್ಶಿ ಗಿರೀಶ ಬಂದು ಅವನ ಕೈ ಕುಲುಕಿ, ನಿಮ್ಮಂಥೋರು ಬೇಕು ಸಾರ್ ಎಂದ. ಬಾಯಿ ಬಿಡಲು ಹೊತ್ತಿರಲಿಲ್ಲ, ಬರ್ನಿ ಕಣ್ಣಿನಲ್ಲಿ ಸನ್ನೆ ಮಾಡಿದ. ನಾಲ್ವರೂ ಬಗ್ಗಿದರು, ಎತ್ತಿದರು, ಪೆಟ್ಟಿಗೆ ಅವನ ಹೆಗಲ ಮೇಲೆ ಕೂತಿತು. ಒಂದೆಳೆಯೂ ವಾಲಲಿಲ್ಲ. ಒಳಗೆ ಪೆಟ್ಟಿಗೆಯನ್ನಿಳಿಸಿ ಮುಚ್ಚಳ ತೆಗೆದು, ಕಲಿತ ಪ್ರಕಾರ ಹಿಂದಿನ ಗೋಡೆಗೆ ಹೋಗಿ ಕೈಮೇಲೆ ಕೈಯಿಟ್ಟು ನಿಂತ. ಮಂತ್ರಗಳಾದ ಮೇಲೆ ಡಾಕ್ಟರು ಮೈಕಿನ ಮುಂದೆ ಬಂದರು. ತಾಯಿಯ ಬಗ್ಗೆ ನಾಲ್ಕು ಮಾತಾಡಿ, ಸ್ವಂತದವರೇ ಬಾರದ ಈ ದೇಶದಲ್ಲಿ ಲಕ್ಷ್ಮೀಶ ಆಫೀಸಿಗೆ ರಜ ಹಾಕಿ ಬಂದು ನಮ್ಮಮ್ಮನಿಗೆ ಹೆಗಲು ಕೊಟ್ಟಿದ್ದಾರೆ, ಆ ಪುಣ್ಯಾತ್ಮನ ಋಣ ನಾನು ತೀರಿಸಲಾರೆ ಎಂದರು. ಎಂಬತ್ತು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಅವನು ಅಲುಗುವಂತಿರಲಿಲ್ಲ, ಅಲುಗದಿರುವುದೇ ಅವನ ಕೆಲಸ. ಜನ ಅದನ್ನೂ ವಿನಯವೆಂದು ತಿಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಈ ಹೊಗಳಿಕೆ ಮಾತ್ರ ಮೈಮೇಲೆ ಜೇನುತುಪ್ಪ ಸುರಿದ ಹಾಗೆ ಅಂಟತೊಡಗಿತು. ಎಡಗಡೆಯ ನಾಲ್ಕನೇ ಸಾಲಿನಲ್ಲಿ ಅಹಲ್ಯಾ ಒಬ್ಬಳೇ ತಿರುಗದೆ ಕೂತಿದ್ದಳು. ಅವಳ ಜಡೆಯ ತುದಿಯನ್ನು ನೋಡುತ್ತ ನಿಂತ.

ಕೊನೆಯ ದರ್ಶನಕ್ಕೆ ಜನ ಸಾಲಾಗಿ ಬರುತ್ತಿದ್ದರು. ಏರ್‌ಪೋರ್ಟಿನಿಂದ ನೇರವಾಗಿ ಬಂದ ವಸಂತಾ ಅತ್ತೆಯ ನೆರಿಗೆಗಳ ಮೇಲೆ ಕೈಯಾಡಿಸಿ, ಸೆರಗು ಮುಟ್ಟಿ, ಹಣೆ ನೋಡಿ ಬಿಕ್ಕಿದರು. ಸೀರೆ ಯಾರು ಉಡಿಸಿದ್ದು, ಕುಂಕುಮ ಯಾರು ಇಟ್ಟದ್ದು ಎಂದು ಸುತ್ತಲಿನ ಹೆಂಗಸರನ್ನು ಕೇಳಿದರು. ಡಾಕ್ಟರು ತಬ್ಬಿಬ್ಬಾಗಿ ತಾನು ಚೀಲ ಕೊಟ್ಟು ಬಂದೆನಷ್ಟೇ ಎಂದರು. ಲಕ್ಷ್ಮೀಶ ಗೋಡೆ ಬಿಟ್ಟು ಮುಂದೆ ಬಂದ. ಬರುತ್ತ ಜೇಬಿನಿಂದ ಬಿಲ್ಲೆ ತೆಗೆದು ಕೋಟಿಗೆ ಚುಚ್ಚಿಕೊಂಡ.

"ನಮ್ಮ ಆಫೀಸ್ನೋರು ಉಡ್ಸಿದ್ದು ವಸಂತಮ್ಮ. ಅಹಲ್ಯಾ ಫೋನಲ್ಲಿ ಹೇಳ್ಕೊಟ್ಲು."

ಗಿರೀಶ ಬಿಲ್ಲೆಯನ್ನು ಓದಿ, ಹೊರಗೆ ಲಕ್ಷ್ಮೀಶನ ಕೈ ಕುಲುಕಿದ್ದ ತನ್ನ ಬಲಗೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದ. ಅದನ್ನು ನೋಡಬಾರದಿತ್ತು, ಲಕ್ಷ್ಮೀಶ ನೋಡಿದ, ನೋವಾಯಿತು. ವಸಂತಾ ಮಾತ್ರ ಬಿಲ್ಲೆಯ ಕಡೆ ಕಣ್ಣು ಹಾಯಿಸದೆ ಕೈಮುಗಿದರು. ಡಾಕ್ಟರು ಹತ್ತಿರ ಬಂದು ದನಿ ತಗ್ಗಿಸಿದರು.

"ಹಬ್ಬದ ದಿನ ನಾನು ಮೈಕಲ್ಲಿ ಏನೇನೋ ಮಾತಾಡ್ಬಿಟ್ಟೆ ಲಕ್ಷ್ಮೀಶ."

"ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನೇ ಸಾರ್."

ಡಾಕ್ಟರ ಮುಖದಲ್ಲಿ ಅಳುವಿನ ನಡುವೆ ನಗುವಿನಂಥದ್ದು ಏನೋ ಹಾದುಹೋಯಿತು. ಬರ್ನಿ ಗಡಿಯಾರ ನೋಡಿದ.

ಸಂಜೆ ಗಂಡ ಹೆಂಡತಿ ಇಬ್ಬರೂ ಒಂದೇ ರೈಲಿನಲ್ಲಿ ಬಂದರು, ಒಂದೇ ದಾರಿಯಲ್ಲಿ ಸುತ್ತುಹಾಕಿ ಹಿತ್ತಿಲಿಗೆ ನಡೆದರು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು, ಟ್ರಾನ್ಸ್‌ಪೋರ್ಟ್ ಕಂಪನಿಯವರ ಜೇಬಿನಲ್ಲಿ ದಿನಾ ಹೆಣದ ಪೆಟ್ಟಿಗೆ ಮೇಲಿಡೋ ಲಿಲ್ಲಿ ಹೂವಿನ ಎಸಳು ಸಿಕ್ಕರೆ ಒಗೆಯುವವರಿಗೆ ಗೊತ್ತಾಗಲ್ವಾ ಎಂದು. ಯಾಕೆ ಕೇಳಲಿಲ್ಲ ಎಂದು ಅವನು ಕೇಳಿದ್ದಕ್ಕೆ, ನೀವೇ ಹೇಳಲಿ ಅಂತ ಇದ್ದೆ ಎಂದಳು. ಒಳಗೆ ಫೋನಿನ ಸಂದೇಶ ಹಿಡಿದಿಡುವ ಯಂತ್ರದಿಂದ ಕೆರಿಯ ದನಿ ಹಿತ್ತಿಲಿನ ತನಕ ಕೇಳಿಸುತ್ತಿತ್ತು. ಕಂಗ್ರಾಜುಲೇಷನ್ಸ್, ಯು ಆರ್ ಎ ಸಕ್ಸೆಸ್ ಸ್ಟೋರಿ ಎನ್ನುತ್ತಿದ್ದಳು, ಅವನ ಫೈಲನ್ನು ಇವತ್ತಿಗೆ ಮುಚ್ಚಿದ್ದಾಳಂತೆ. ಬಚ್ಚಲ ಬಾಗಿಲಿನ ಹತ್ತಿರ ಅವನು ಎಂದಿನಂತೆ ಬೂಟು ಬಿಚ್ಚಲು ಬಗ್ಗಿದ. ದಿನಾ ನಾನು ಹೊರಗೆ ಕಾದಿದ್ದೀನಿ, ಇವತ್ತು ನೀವು ಕಾಯಿರಿ ಎಂದು ಅಹಲ್ಯಾ ಒಳಗೆ ಹೋಗಿ ಅಗಣಿ ಹಾಕಿಕೊಂಡಳು. ಅವನು ಬಟ್ಟೆ ಒಗೆಯುವ ಕೋಣೆಯ ಪಕ್ಕ ನಿಂತ. ಒಳಗೆ ನೀರಿನ ಸದ್ದು. ಒಬ್ಬರು ಮೈತೊಳೆದುಕೊಂಡು ಬರಲೆಂದು ಹೊರಗೆ ನಿಂತು ಕಾಯುವುದು ಎಷ್ಟು ಉದ್ದದ ಕೆಲಸ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಹದಿಮೂರು ವಾರ ಅವಳು ಹೀಗೆ ಗೋಡೆಯ ಆಚೆ, ಕಾಫಿ ಸೋಸಿಟ್ಟು, ಅವನು ಹೇಳುತ್ತಾನೆ ಎಂದು ಕಾದಿದ್ದಳು. ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲು ಕೈ ಎತ್ತಿ, ಸ್ನಾನ ಆಗದ ಕೈ ಎಂದು ಇಳಿಸಿದ.

ನೀರು ನಿಂತಿತು. ಟವೆಲ್ಲು ಹೊರಗೇ ಉಳಿದಿದೆ, ಕೊಡಿ ಎಂದಳು ಒಳಗಿನಿಂದ. ಟವೆಲ್ಲು ತಂತಿಯ ಮೇಲೆ ಒಣಗಿತ್ತು, ಮಡಿಯಾಗಿ, ಬಿಸಿಲಿನ ವಾಸನೆಯಲ್ಲಿ. ಅವನು ಹತ್ತಿರ ಹೋದವನು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಟ್ಟ. ಹೇಗೆ ಕೊಡಲಿ, ನಾನಿನ್ನೂ ಹಾಗೇ ಇದ್ದೀನಲ್ಲ ಎಂದ. ಬಾಗಿಲು ಒಂದು ಗೇಣು ತೆರೆಯಿತು, ಬಳೆಯ ಒದ್ದೆ ಕೈ ಹೊರಗೆ ಬಂತು.

"ಮುಟ್ಟಿ, ಪರವಾಗಿಲ್ಲ," ಎಂದಳು ಅಹಲ್ಯಾ. "ಕೆಲಸದಿಂದ ತಾನೇ ಬಂದಿರೋದು."